ಗಣಕಾಂತರ್ಗತ ಗಡಿಯಾರಗಳ ಕುಲ, ಶೀಲ ಹಾಗೂ ಕಾಲನಿರ್ಣಯ

ಕವಿಗಳ ಕಾಲದೇಶಗಳ ಬಗ್ಗೆ ನಮ್ಮ ವಿದ್ವಾಂಸರು ಬೇಕಾದಷ್ಟು ಜಗಳವಾಡಿದ್ದಾರೆ. ಕಾಲವನ್ನು ಹೇಳುವವರ ಕುಲಗೋತ್ರವನ್ನು ಮಾತ್ರ ಯಾರೂ ವಿಚಾರಿಸಿದಂತಿಲ್ಲ. ಲಿನಕ್ಸ್‌ನ ಶೆಡ್ಯೂಲರ್ ಯಾವ ಗಡಿಯಾರದ ಮಾತು ನಂಬಿ ಪ್ರೊಸೆಸ್‌ಗಳಿಗೆ ಸಿಪಿಯು ಹಂಚಬೇಕು ಎಂಬ ಗಹನ ಪ್ರಶ್ನೆಯನ್ನು ಈ ಪ್ರಬಂಧವು ಪ್ರಪ್ರಥಮವಾಗಿ ಎತ್ತಿಕೊಳ್ಳುತ್ತಿದೆ. ಕರ್ನೆಲ್ ಬರೆಯುವವರು ಇದನ್ನು ಎಂದೋ ಬಗೆಹರಿಸಿದ್ದಾರೆಂಬ ಆಕ್ಷೇಪ ಸಂಶೋಧನೆಗೆ ಅಡ್ಡಿಯಾಗಬಾರದು.

ಮೊದಲು ವಂಶವಿಚಾರ. 1981ರ ಐಬಿಎಂ ಪಿಸಿಯಿಂದಲೂ ಕೂತಿರುವ ಪಿಐಟಿ ಎಂಬ ಗಡಿಯಾರ, ನಂತರ ಬಂದ ಎಸಿಪಿಐ ಪಿಎಂ ಟೈಮರ್, ಅದಕ್ಕೂ ಕಿರಿಯ ಎಚ್‌ಪಿಇಟಿ. ಇವರು ಸಗೋತ್ರರು. ಮೂಲಪುರುಷ 14.31818 ಮೆಗಾಹರ್ಟ್ಸ್ ಹರಳು. ಹನ್ನೆರಡು ಪಾಲಾದಾಗ ಪಿಐಟಿ, ನಾಲ್ಕು ಪಾಲಾದಾಗ ಪಿಎಂ ಟೈಮರ್. ಪಾಲೇ ಕೊಡದೆ ಪೂರ್ತಿ ಆಸ್ತಿ ಇಟ್ಟುಕೊಂಡದ್ದು ಹಲವು ಯಂತ್ರಗಳ ಎಚ್‌ಪಿಇಟಿ. ಆ ಹರಳಿನ ಕಾಲುಭಾಗವೇ ಅಮೆರಿಕದ ಬಣ್ಣದ ಟೀವಿಯ ಆವರ್ತನ. ಅಂದರೆ ಬೆಂಗಳೂರಿನ ಸರ್ವರ್‌ಗಳಲ್ಲಿ ಕಾಲ ಅಳೆಯುವ ಈ ಮನೆತನ ಹುಟ್ಟಿದ್ದು ಅಮೆರಿಕನ್ನರು ಟೀವಿಯಲ್ಲಿ ಬಣ್ಣ ನೋಡಲೆಂದು. ಪುರಾಣದ ವಂಶಾವಳಿಗಳೂ ಇದಕ್ಕಿಂತ ಸಂಭವನೀಯವಾಗಿರುತ್ತವೆ.

ಇನ್ನು ಶೀಲ. ಪಿಎಂ ಟೈಮರ್‌ಗೆ 24 ಬಿಟ್‌ಗಳ ನೆನಪು, ಸುಮಾರು 4.7 ಸೆಕೆಂಡಿಗೊಮ್ಮೆ ಎಲ್ಲ ಮರೆತು ಸೊನ್ನೆಯಿಂದ ಎಣಿಸುತ್ತದೆ. ಇಂಟೆಲ್‌ನ ಪಿಐಐಎಕ್ಸ್4 ಚಿಪ್‌ಸೆಟ್‌ನಲ್ಲಂತೂ ಅದು ಆಗಾಗ ತಪ್ಪು ಹೇಳುತ್ತಿದ್ದುದರಿಂದ, ಕರ್ನೆಲ್ ಮೂರು ಸಲ ಕೇಳಿ, ಮೂರು ಉತ್ತರವೂ ಕ್ರಮವಾಗಿದ್ದರೆ ಮಾತ್ರ ಒಪ್ಪುತ್ತಿತ್ತು. ಎಚ್‌ಪಿಇಟಿ ಸಾಚಾ. ಆದರೆ ಸಿಪಿಯುವಿನ ಹೊರಗಿದೆ. ಕೇಳಿ ಉತ್ತರ ಬರುವುದರೊಳಗೆ ಕೆಲಸ ತಡ. ಕ್ಷಣಕ್ಷಣಕ್ಕೂ ಹೊತ್ತು ಕೇಳುವ ಶೆಡ್ಯೂಲರ್‌ಗೆ ಅಂಥ ಸಾಚಾತನ ದುಬಾರಿ.

ಪೂರ್ವಪಕ್ಷ ಹೀಗಿದೆ: 1993ರ ಪೆಂಟಿಯಮ್‌ನೊಂದಿಗೆ ಬಂದ ಟಿಎಸ್‌ಸಿ ಎಂಬ ಗಡಿಯಾರ ಸಿಪಿಯುವಿನೊಳಗೇ ಇದೆ, ಒಂದೇ ಇನ್‌ಸ್ಟ್ರಕ್ಷನ್‌ಗೆ ಉತ್ತರ ಕೊಡುತ್ತದೆ, ಅದನ್ನೇ ನಂಬೋಣ. ಉತ್ತರಪಕ್ಷ: ಹಳೆಯ ಟಿಎಸ್‌ಸಿ ಚಂಚಲ. ವಿದ್ಯುತ್ ಉಳಿಸಲು ಸಿಪಿಯು ನಿಧಾನವಾದರೆ ಕಾಲವೂ ನಿಧಾನ. ಒಂದು ಕೋರ್‌ನ ಎಣಿಕೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ಹಾಗಾಗಿ ಕೋರ್ ಬದಲಿಸಿದ ಪ್ರೊಸೆಸ್‌ಗೆ ಕಾಲ ಹಿಂದೆ ಸರಿದಂತೆ ಕಾಣಬಹುದಿತ್ತು. ಇದರ ಪರಿಣಾಮ ಲಘುವಲ್ಲ. ಋಣಸಂಖ್ಯೆ ಅರಿಯದ 64 ಬಿಟ್ ಲೆಕ್ಕದಲ್ಲಿ ಒಂದೇ ಒಂದು ನ್ಯಾನೊಸೆಕೆಂಡ್ ಹಿಂದೆ ಬಂದರೆ ಅದು ಸುಮಾರು 584 ವರ್ಷವಾಗಿ ಓದಿಸುತ್ತದೆ. ಎಚ್ಚರ ತಪ್ಪಿ ಬರೆದ ಶೆಡ್ಯೂಲರ್, ‘ಈ ಪ್ರೊಸೆಸ್ ಪ್ರೌಢದೇವರಾಯನ ಆಳ್ವಿಕೆಯಿಂದ ಸಿಪಿಯು ಬಿಟ್ಟೆದ್ದಿಲ್ಲ’ ಎಂದು ಬಗೆದು ಅದನ್ನು ಸರತಿಯ ಕೊನೆಗೆ ತಳ್ಳೀತು. ಕುಮಾರವ್ಯಾಸನ ಕಾಲನಿರ್ಣಯದಲ್ಲೂ ಇಷ್ಟು ದೊಡ್ಡ ತಪ್ಪು ಯಾರೂ ಮಾಡಿಲ್ಲ.

ಗಡಿಯಾರ ಆರಿಸಲು ಕರ್ನೆಲ್ ಅಂಕಪಟ್ಟಿ ಮಾಡಿದೆ: ತನ್ನದೇ ಟಿಕ್ ಎಣಿಕೆಯಾದ ಜಿಫಿಸ್‌ಗೆ 1, ಪಿಐಟಿಗೆ 110, ಪಿಎಂ ಟೈಮರ್‌ಗೆ 200, ಎಚ್‌ಪಿಇಟಿಗೆ 250, ಟಿಎಸ್‌ಸಿಗೆ 300. ಪ್ರಥಮ ದರ್ಜೆಯಲ್ಲಿ ಪಾಸಾದವನನ್ನು ಅಷ್ಟಕ್ಕೇ ನಂಬದೆ, ಕಡಿಮೆ ಅಂಕದ ಮತ್ತೊಬ್ಬನನ್ನು ‘ವಾಚ್‌ಡಾಗ್’ ಎಂದು ಕೂರಿಸಿ ಅರ್ಧ ಸೆಕೆಂಡಿಗೊಮ್ಮೆ ತಾಳೆ ನೋಡಿಸುವುದು ಇದರ ವೈಶಿಷ್ಟ್ಯ. ತಾಳೆಯಾಗದಿದ್ದರೆ ಟಿಎಸ್‌ಸಿಗೆ ‘ಅನ್‌ಸ್ಟೇಬಲ್’ ಎಂಬ ಬಿರುದು, ಕೆಲಸದಿಂದ ವಜಾ. ಕೆಲವೊಮ್ಮೆ ತಡವಾದದ್ದು ಮೇಲ್ವಿಚಾರಕನನ್ನು ಓದುವುದರಲ್ಲೇ, ಆದರೂ ದಂಡ ಟಿಎಸ್‌ಸಿಗೆ. ಸರ್ಕಾರಿ ಕಚೇರಿ ಬಲ್ಲವರಿಗೆ ವಿವರಣೆ ಬೇಡ.

ಸಿದ್ಧಾಂತ: ಇಂದಿನ ಸಿಪಿಯುಗಳ ಟಿಎಸ್‌ಸಿ, ಸಿಪಿಯುವಿನ ವೇಗ ಬದಲಾದರೂ, ಅದು ನಿದ್ದೆ ಹೋದರೂ ಒಂದೇ ಗತಿಯಲ್ಲಿ ಎಣಿಸುತ್ತದೆ, ಆದ್ದರಿಂದ ಅದೇ ಗ್ರಾಹ್ಯ. ಸರ್ವರ್ ಕಾರಣವಿಲ್ಲದೆ ನಿಧಾನವಾಗಿದ್ದರೆ ಓದುಗರು ‘ಕರೆಂಟ್ ಕ್ಲಾಕ್‌ಸೋರ್ಸ್’ ಎಂಬ ಕಡತವನ್ನೊಮ್ಮೆ ತೆರೆದು ನೋಡಬೇಕು. ಅಲ್ಲಿ ಎಚ್‌ಪಿಇಟಿ ಎಂದಿದ್ದರೆ, ಹೊಸ ಯಂತ್ರಕ್ಕೆ ಟೆಂಡರ್ ಕರೆಯುವ ಮೊದಲು ಟಿಎಸ್‌ಸಿ ವಜಾ ಆದದ್ದೇಕೆಂದು ಕರ್ನೆಲ್ ಲಾಗ್ ಓದಿ.