ನಾಯಕನಿಗೆ ವಯಸ್ಸಾಯಿತು, ನಾಯಕಿಗಲ್ಲ

ಹಳೆಯ ಪ್ರೇಮ ಕಾದಂಬರಿಗಳು ಮಧುಗಿರಿ ಉಪವಿಭಾಗಕ್ಕೆ ಮಾಡಿದ ಮೊದಲ ಅನ್ಯಾಯ ಹವಾಮಾನದ್ದು. ಅವುಗಳಲ್ಲಿ ಪ್ರೀತಿ ಮೊಳೆಯಬೇಕಾದರೆ ಮಂಜು ಬೇಕು, ಕಾಫಿ ತೋಟ ಬೇಕು, ತೋಟದ ನಡುವೆ ಬಂಗಲೆ ಬೇಕು, ನಾಯಕಿ ತೊಪ್ಪನೆ ತೊಯ್ಯುವಷ್ಟು ಜಡಿಮಳೆ ಬೇಕು. ಶಿರಾ, ಪಾವಗಡದ ಕಡೆ ಮೋಡ ಕಟ್ಟಿದರೆ ಜನರಿಗೆ ನೆನಪಾಗುವುದು ಕಡಲೆಕಾಯಿ ಬಿತ್ತನೆ. ನೆನೆದ ಸೆರಗನ್ನು ನೋಡುತ್ತ ನಿಲ್ಲಲು ಯಾವ ನಾಯಕನಿಗೂ ಪುರುಸೊತ್ತಿಲ್ಲ. ಮಧುಗಿರಿಯಲ್ಲಿ ಬೆಟ್ಟವೇನೋ ಇದೆ, ಆದರೆ ಆ ಏಕಶಿಲೆಯನ್ನು ಅರ್ಧ ಹತ್ತುವಷ್ಟರಲ್ಲಿ ಪ್ರೇಮಿಗಳ ಮಾತು ನಿಂತು ಬರೀ ಏದುಸಿರು ಉಳಿಯುತ್ತದೆ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಜನ ಹೋಗುವುದು ಮೈನೋವಿನ ಗಿಡಮೂಲಿಕೆಗೆ, ವಿರಹದ ಮದ್ದಿಗಲ್ಲ. ಶಿರಾದಲ್ಲಿ ಮಲಿಕ್ ರಿಹಾನನ ಗೋರಿಯಿದೆ. ಆಗ್ರಾದ ಗೋರಿಗೆ ಸಿಕ್ಕ ಪ್ರೇಮದ ಪಟ್ಟ ಮಾತ್ರ ಅದಕ್ಕೆ ಸಿಕ್ಕಲಿಲ್ಲ. ಇನ್ನು ಪಾವಗಡ: ತಿರುಮಣಿಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಹಾಕಲು ಒಪ್ಪುವ ಬಿಸಿಲಿನಲ್ಲಿ ಮಂಜು ಮುಸುಕಿದ ಮುಂಜಾನೆಯ ಅಧ್ಯಾಯ ಬರೆಯುವವರು ಯಾರು? ಇಷ್ಟಾದರೂ ಈ ನಾಲ್ಕು ತಾಲ್ಲೂಕುಗಳ ಓದುಗರು ಆ ಕಾದಂಬರಿಗಳನ್ನು ಬಿಡಲಿಲ್ಲ. ‘ಸುಧಾ’ ಹುಟ್ಟಿದ ಮತ್ತು ಗ್ರಂಥಾಲಯ ಕಾಯ್ದೆ ಬಂದ 1965ರ ಆಸುಪಾಸಿನಿಂದ ಮುಂದೆ ಧಾರಾವಾಹಿಯಾಗಿಯೋ ಬೈಂಡು ಹಾಕಿದ ಲೈಬ್ರರಿ ಪ್ರತಿಯಾಗಿಯೋ ಅವು ಒಣಭೂಮಿಯ ಮನೆಗಳಿಗೂ ಬಂದವು. ಇವತ್ತು ಅವನ್ನು ಮತ್ತೆ ಕೈಗೆತ್ತಿಕೊಂಡರೆ ನಿಲ್ಲುತ್ತವೆಯೇ? ನಿಲ್ಲುತ್ತವೆ. ಆದರೆ ಪ್ರೇಮ ಕಾದಂಬರಿಗಳಾಗಿ ಅಲ್ಲ.

ಪರೀಕ್ಷೆ ಸುಲಭ. ಕಾದಂಬರಿಯಿಂದ ನಾಯಕನನ್ನು ತೆಗೆದು ಪಕ್ಕಕ್ಕಿಟ್ಟು, ಉಳಿದದ್ದು ನಿಲ್ಲುತ್ತದೆಯೇ ನೋಡಬೇಕು. ಕಾಲದ ಹೊಡೆತ ಹೆಚ್ಚು ತಿಂದವನು ಅವನೇ. ಅವನು ಎತ್ತರವಿದ್ದಾನೆ, ಕಾರಿಟ್ಟಿದ್ದಾನೆ, ವಿದೇಶದಲ್ಲಿ ಓದಿದ್ದಾನೆ, ಮಾತು ಕಡಿಮೆ, ಕೋಪ ಜಾಸ್ತಿ. ಆ ಮೌನವನ್ನು ಅಂದಿನ ಓದುಗರು ಗಾಂಭೀರ್ಯವೆಂದು ತಿಳಿದರು. ಈಗಿನವರು ‘ಇವನಿಗೆ ಮಾತಾಡಲು ಏನು ರೋಗ?’ ಎನ್ನುತ್ತಾರೆ. ವಾಣಿಯವರ ‘ಎರಡು ಕನಸು’ 1974ರಲ್ಲಿ ಚಿತ್ರವಾಗಿ ಊರೂರಲ್ಲಿ ಓಡಿತು. ಪ್ರೀತಿಸಿದವಳು ಸಿಗಲಿಲ್ಲವೆಂದು ಅದರ ನಾಯಕ, ಏನೂ ತಪ್ಪು ಮಾಡದೆ ಮನೆಗೆ ಬಂದ ಹೆಂಡತಿಯಿಂದ ದೂರವೇ ಉಳಿದು ಕೊರಗುತ್ತಾನೆ. ಅಂದು ಕಣ್ಣೀರೆಲ್ಲ ಅವನ ಪಾಲಿಗೆ ಹೋಗಿರಬಹುದು, ಇಂದು ಪೂರ್ತಿ ಹೆಂಡತಿಯ ಕಡೆಗೇ. ಪಾವಗಡವನ್ನು ಆಂಧ್ರ ಹೆಚ್ಚುಕಡಿಮೆ ಸುತ್ತುವರಿದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವವರು ಅಲ್ಲಿ ಬೇಕಾದಷ್ಟು. ಅವರಿಗೆ ಯದ್ದನಪೂಡಿ ಸುಲೋಚನಾರಾಣಿಯವರ ‘ಸೆಕ್ರೆಟರಿ’ಯ ರಾಜಶೇಖರಂ ಪರಿಚಯಿಸಬೇಕಾಗಿಲ್ಲ. ಒಂದು ಪೀಳಿಗೆಯ ಹುಡುಗಿಯರು ಅವನಂಥ ಗಂಡ ಬೇಕೆಂದರು, ಹುಡುಗರು ಅವನಂತೆ ನಿಲ್ಲಲು ಕಲಿತರು. ಆದರೆ ಮಾಲೀಕನಿಗೂ ಅವನ ಕಾರ್ಯದರ್ಶಿಗೂ ನಡುವೆ ಹುಟ್ಟುವ ಅಂಥ ಪ್ರೇಮ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ನಂತರ ಬಂದಿದ್ದರೆ ಹತ್ತನೆಯ ಅಧ್ಯಾಯಕ್ಕೇ ಆಂತರಿಕ ದೂರು ಸಮಿತಿಯ ಸಭೆ ಸೇರುತ್ತಿತ್ತು.

ನಾಯಕ ಹೋದ ಮೇಲೆ ಉಳಿಯುವುದು ಅಡ್ಡಿ. ಪ್ರೀತಿಗೆ ಅಡ್ಡ ಬಂದ ದುಡ್ಡು, ಮನೆತನ, ಕಾಯಿಲೆ, ನೆರೆಹೊರೆಯ ಬಾಯಿ. ಇವುಗಳಲ್ಲಿ ಯಾವುದಕ್ಕೂ ವಯಸ್ಸಾಗಿಲ್ಲ. ತ್ರಿವೇಣಿಯವರ ‘ಬೆಳ್ಳಿ ಮೋಡ’ದ ಹೆಸರು ಕೇಳಿದರೆ ಮೆದುವಾದ ಪ್ರೇಮಕಥೆ ಇರಬೇಕು ಅನಿಸುತ್ತದೆ. ಒಳಗಿರುವುದು ಶುದ್ಧ ಲೆಕ್ಕಪತ್ರ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವವನೆಂದು ಮೋಹನನ ವಿದೇಶದ ಓದಿಗೆ ಅವಳಪ್ಪನ ಹಣ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ, ಆಸ್ತಿಯ ವಾರಸುದಾರ ಬದಲಾಗುತ್ತಾನೆ, ಮೋಹನನ ಮನಸ್ಸೂ ಬದಲಾಗುತ್ತದೆ. ಮಧುಗಿರಿಯಲ್ಲೋ ಕೊರಟಗೆರೆಯಲ್ಲೋ ಸಂಬಂಧ ಕುದುರಿಸಿದ ಹಿರಿಯರನ್ನು ಕೇಳಿ, ಈ ಕಥೆಯನ್ನು ಅವರು ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳುತ್ತಾರೆ. ಎಸ್ಟೇಟಿನ ಜಾಗದಲ್ಲಿ ಅಡಕೆ ತೋಟವನ್ನೋ ಬೆಂಗಳೂರಿನ ಸೈಟನ್ನೋ ಇಟ್ಟರೆ ಸಾಕು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ‘ನಾವೇನೂ ಕೇಳಲಿಲ್ಲ, ಹುಡುಗನ ಓದಿಗೆ ಅವರೇ ಕೊಟ್ಟರು’ ಎನ್ನುವ ವಾದಕ್ಕೆ ಇನ್ನೂ ನಿವೃತ್ತಿಯಾಗಿಲ್ಲ. ಜೇನ್ ಆಸ್ಟಿನ್ 1813ರಲ್ಲೇ ತನ್ನ ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡ್ ವರಮಾನವೆಂದು ಶುರುವಿನಲ್ಲೇ ಹೇಳಿಬಿಟ್ಟಳು. ಪ್ರೇಮ ಕಾದಂಬರಿ ಎಲ್ಲಿ ನಿಂತಿದೆಯೋ ಅಲ್ಲೆಲ್ಲ ಲೇಖಕಿಗೆ ಲೆಕ್ಕ ಬರುತ್ತಿತ್ತು. ತ್ರಿವೇಣಿಯವರದೇ ‘ಶರಪಂಜರ’ವನ್ನು ನೋಡಿ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಬರುತ್ತಾಳೆ. ಗುಣವಾಗದೆ ಉಳಿದವರು ಮನೆಯವರು ಮತ್ತು ನೆರೆಯವರು. ಮಾನಸಿಕ ಆರೋಗ್ಯದ ಬಗ್ಗೆ ಗೋಡೆ ಬರಹಗಳು ಹೆಚ್ಚಿವೆ ನಿಜ, ಆದರೆ ‘ಆ ಮನೆಯ ಹೆಣ್ಣು ನಿಮ್ಹಾನ್ಸಿಗೆ ಹೋಗಿದ್ದಳಂತೆ’ ಎಂಬ ಸುದ್ದಿ ಇವತ್ತಿಗೂ ಜಾತಕಕ್ಕಿಂತ ಬೇಗ ಊರು ಮುಟ್ಟುತ್ತದೆ.

ಇಂದಿನ ಅಳತೆಗೋಲಿನಿಂದ ನಿನ್ನೆಯ ಪುಸ್ತಕವನ್ನು ಅಳೆಯಬಾರದು ಎಂಬ ಆಕ್ಷೇಪ ಇಲ್ಲಿ ಬರಬೇಕು. ಸರಿಯಾದ ಮಾತೇ, ಅಳತೆಗೋಲು ಇಂದಿನದಾಗಿದ್ದರೆ. ಮೋಹನ ಪಶ್ಚಾತ್ತಾಪಪಟ್ಟು ಮರಳಿ ಬಂದಾಗ ಇಂದಿರಾ ಅವನನ್ನು ಒಪ್ಪುವುದಿಲ್ಲ. ಹಾಸಿಗೆ ಹಿಡಿದವನ ಶುಶ್ರೂಷೆ ಮಾಡುತ್ತಾಳೆ, ಮದುವೆ ಮಾತ್ರ ಬೇಡವೆನ್ನುತ್ತಾಳೆ. ಇದನ್ನು ಬರೆದ ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಸ್ತ್ರೀವಾದದ ವಿಚಾರ ಸಂಕಿರಣಗಳು, ಫಲಕಗಳು, ಮಧ್ಯಾಹ್ನದ ಊಟದ ಕೂಪನ್ನುಗಳು ಇನ್ನೂ ಹುಟ್ಟದ ಕಾಲದಲ್ಲಿ ಒಬ್ಬ ನಾಯಕಿ ನಾಯಕನನ್ನು ಪರೀಕ್ಷೆಗೆ ಕೂರಿಸಿ ಫೇಲು ಮಾಡಿದ್ದಳು. ಅಂದರೆ ನಾವು ಈಗ ಹಿಡಿದಿರುವ ಕೋಲು ಅವಳದೇ. ಅದೇ ಕಾಲದ ಬೇರೆಷ್ಟೋ ಕಾದಂಬರಿಗಳು ಕಪಾಳಕ್ಕೆ ಹೊಡೆದವನನ್ನು ಕೊನೆಯ ಪುಟದಲ್ಲಿ ಕ್ಷಮಿಸಿ, ಅದನ್ನೇ ಸಂಸಾರ ಎಂದು ಕರೆದು ಮುಗಿದವು. ಅವು ಸೋತದ್ದಕ್ಕೆ ಕಾಲವನ್ನು ದೂರಿದರೆ ತಪ್ಪಾದೀತು, ಏಕೆಂದರೆ ಅದೇ ಕಾಲದಲ್ಲಿ ಕೂತು ಇನ್ನೊಬ್ಬರು ಬೇರೆ ಬಗೆಯಲ್ಲಿ ಬರೆದಿದ್ದರು.

ಎರಡನೆಯ ಆಕ್ಷೇಪ ವಿದ್ವಾಂಸರದು. ಹೊತ್ತು ಕಳೆಯಲು ಬರೆದದ್ದಕ್ಕೆ ಇಷ್ಟು ಪೋಸ್ಟ್‌ಮಾರ್ಟಂ ಏಕೆ ಎಂದು. ಇವರ ಹಿರಿಯರೇ ಇಂಥ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಮೂಗು ಮುರಿದವರು, ಮೂರು ಹೊತ್ತೂ ಅಡುಗೆಮನೆಯಿಂದ ಬಂದದ್ದನ್ನೇ ಉಂಡು ಹಾಗೆಂದರು ಎಂಬುದನ್ನೂ ನೆನೆಯಬೇಕು. ಗೆಜ್ಜೆ ಪೂಜೆಯಂಥ ಸಂಪ್ರದಾಯ ಒಂದು ಹುಡುಗಿಯ ಮದುವೆಯ ಕನಸನ್ನು ಹೇಗೆ ನುಂಗುತ್ತದೆಂದು ದೊಡ್ಡ ಸಂಖ್ಯೆಯ ಓದುಗರಿಗೆ ಮುಟ್ಟಿಸಿದ್ದು ಎಂ.ಕೆ. ಇಂದಿರಾ ಅವರ ಕಾದಂಬರಿ, ಆಮೇಲೆ ಪುಟ್ಟಣ್ಣ ಕಣಗಾಲರ ಚಿತ್ರ. ಸಾಯಿಸುತೆಯವರ ನೂರಕ್ಕೂ ಹೆಚ್ಚು ಕಾದಂಬರಿಗಳು ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕದ ಆಚೆಗಿನ ಏಕೈಕ ಓದಾಗಿದ್ದವು. ಹೊತ್ತು ಹೋಗಲೆಂದು ಓದಿದವರ ಹೊತ್ತು ಹೋಯಿತು, ಅಕ್ಷರ ಉಳಿಯಿತು.

ಇನ್ನು ಮೊಬೈಲ್ ಬಂದ ಮೇಲೆ ಆ ಕಥೆಗಳು ನಂಬುವಂತಿಲ್ಲ ಎನ್ನುವವರಿದ್ದಾರೆ. ಕೈ ತಪ್ಪಿದ ಒಂದು ಕಾಗದದಿಂದ ಇನ್ನೂರು ಪುಟ ಅಗಲುವ ಪ್ರೇಮಿಗಳು ಒಂದು ಫೋನು ಮಾಡಿದ್ದರೆ ಕಥೆ ಮೂರನೆಯ ಪುಟಕ್ಕೆ ಮುಗಿಯುತ್ತಿತ್ತು, ಒಪ್ಪಬೇಕು. ಆದರೆ ಅಂಥ ಕಾಗದದ ಮೇಲೆ ನಿಂತ ಕಾದಂಬರಿಗಳು ಅಂದೂ ಸೊರಗಿದ್ದವೇ. ಇಂದಿರಾಳ ಕೈಗೆ ಸ್ಮಾರ್ಟ್‌ಫೋನ್ ಕೊಟ್ಟರೂ ಮೋಹನ ಆಸ್ತಿ ಎಣಿಸುವುದನ್ನು ಬಿಡುವುದಿಲ್ಲ. ಅದರಲ್ಲೇ ಪಹಣಿ ತೆಗೆದು ನೋಡುತ್ತಾನೆ, ಅಷ್ಟೆ.

ಆದ್ದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ಹಳೆಯ ಪ್ರೇಮ ಕಾದಂಬರಿಗಳನ್ನು ರದ್ದಿಗೆ ಹಾಕಬೇಡಿ, ತಲೆಯ ಮೇಲೂ ಹೊರಬೇಡಿ. ತಾಲ್ಲೂಕು ಗ್ರಂಥಾಲಯಕ್ಕೆ ಹೋಗಿ ತ್ರಿವೇಣಿಯಿಂದ ಶುರು ಮಾಡಿ. ನಾಯಕನ ಹುಬ್ಬು, ಗಲ್ಲ, ಕಾರುಗಳ ವರ್ಣನೆ ಬಂದಾಗ ಧಾರಾಳವಾಗಿ ಪುಟ ತಿರುಗಿಸಿ, ಏನೂ ನಷ್ಟವಿಲ್ಲ. ನಾಯಕಿ ದುಡ್ಡಿನ ಮಾತು ಎತ್ತಿದಾಗ ಮಾತ್ರ ನಿಧಾನವಾಗಿ ಓದಿ. ಮನೆಯಲ್ಲಿ ಸಂಬಂಧದ ಮಾತುಕತೆ ನಡೆಯುತ್ತಿದ್ದರೆ ಇನ್ನೂ ನಿಧಾನವಾಗಿ ಓದಿ.