ಕಡಿಮೆ ಬೆಲೆಯ ರೀಲ್ ಮತ್ತು ದೊಡ್ಡ ಮುಗುಡು: ನರಿಕೊಂಬು ಪರಿಸರವನ್ನು ಅನುಲಕ್ಷಿಸಿ ಒಂದು ತಾತ್ವಿಕ ಅನುಸಂಧಾನ

ಮೇಲೆ ಶಂಭೂರಿನ ಅಣೆಕಟ್ಟು, ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು, ನಡುವೆ ನೇತ್ರಾವತಿಯ ದಂಡೆಯಲ್ಲಿ ನರಿಕೊಂಬು. ಈ ಗ್ರಾಮದಲ್ಲಿ ದೊಡ್ಡ ಮುಗುಡು ಹಿಡಿಯಲು ಕೈಗೆಟಕುವ ಬೆಲೆಯ ರೀಲ್ ಯಾವುದು ಎಂಬ ಪ್ರಶ್ನೆಯನ್ನು ಕನ್ನಡದ ವಿದ್ವತ್ತು ಇದುವರೆಗೆ ಸಮಸ್ಯೀಕರಿಸಿಲ್ಲ. ಜನ ಅಂಗಡಿಗೆ ಹೋಗಿದ್ದಾರೆ, ರೀಲ್ ತಂದಿದ್ದಾರೆ, ಮೀನು ಹಿಡಿದಿದ್ದಾರೆ, ಪದಾರ್ಥ ಮಾಡಿ ಉಂಡಿದ್ದಾರೆ. ಅಧ್ಯಯನದ ದೃಷ್ಟಿಯಿಂದ ಇದು ತೀರಾ ಬೇಜವಾಬ್ದಾರಿಯ ನಡೆ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಆಶಯ, ವ್ಯಾಪ್ತಿ ಹಾಗೂ ಮಿತಿ. (ಈ ಮೂರನ್ನೂ ಒಟ್ಟಿಗೆ ಹೇಳದಿದ್ದರೆ ವಿಚಾರ ಸಂಕಿರಣದಲ್ಲಿ ಪ್ರಮಾಣಪತ್ರ ಸಿಗುವುದಿಲ್ಲ.)

ಮೊದಲಿಗೆ ಚಾರಿತ್ರಿಕ ಹಿನ್ನೆಲೆ. ಚೀನಾದ ಚಿತ್ರಕಾರ ಮಾ ಯುವಾನ್ ಸುಮಾರು 1195ರಲ್ಲಿ ಬರೆದ ಚಿತ್ರವೊಂದರಲ್ಲಿ ಒಂಟಿ ದೋಣಿ, ಒಬ್ಬ ಗಾಳಗಾರ, ಅವನ ಕೋಲಿಗೆ ಒಂದು ಚಕ್ರ ಕಾಣುತ್ತವೆ. ರೀಲಿಗೆ ದೊರೆತ ಅತಿ ಹಳೆಯ ಚಿತ್ರಸಾಕ್ಷ್ಯಗಳಲ್ಲಿ ಇದೊಂದು. ಚಕ್ರದೊಳಗೆ ಬೇರಿಂಗ್ ಎಷ್ಟಿದ್ದವೆಂದು ಚಿತ್ರಕಾರ ನಮೂದಿಸದೆ ಹೋದದ್ದು ಆಕರ ಸಾಮಗ್ರಿಯ ಘೋರ ಲೋಪ. ಮುಂದಿನ ಘಟ್ಟ 1946. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಆ ವರ್ಷ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಸೀರ್ ಎಳೆದು ದಡಕ್ಕೆ ಹಾಕಿದರು. ಮಹಸೀರ್ ಮುಗುಡಲ್ಲ ಎಂದು ಯಾರಾದರೂ ಆಕ್ಷೇಪ ಎತ್ತಬಹುದು. ವಿಷಯಕ್ಕೆ ಸಂಬಂಧವಿಲ್ಲದ್ದನ್ನು ಹಿನ್ನೆಲೆಯಲ್ಲಿ ಸೇರಿಸುವುದು ಸಂಶೋಧನೆಯ ಮಾನ್ಯ ವಿಧಾನ.

ಈಗ ವರ್ಗೀಕರಣ. ಅಗ್ಗದ ರೀಲುಗಳನ್ನು ಈ ಪ್ರಬಂಧ ಏಳು ವರ್ಗಗಳಾಗಿ ವಿಂಗಡಿಸುತ್ತದೆ.

ಒಂದನೆಯದು ಕುಪ್ಪಿ ವರ್ಗ. ಖಾಲಿ ಕುಪ್ಪಿಗೆ ತಂಗೂಸಿ, ಅಂದರೆ ನೈಲಾನ್ ದಾರ, ಸುತ್ತಿ, ತುದಿಗೆ ಗಾಳ ಕಟ್ಟಿ, ನಕ್ಕುರು (ಎರೆಹುಳು) ಚುಚ್ಚಿ ಎಸೆಯುವ ಪರಂಪರೆ ಇದು. ಬೇರಿಂಗ್ ಸೊನ್ನೆ, ಗೇರ್ ಇಲ್ಲ, ಖರ್ಚು ತಂಗೂಸಿಯದು ಮಾತ್ರ. ಮೀನು ಎಳೆದಾಗ ದಾರ ಬಿಟ್ಟುಕೊಡುವ ವ್ಯವಸ್ಥೆಗೆ ರೀಲಿನ ಭಾಷೆಯಲ್ಲಿ ಡ್ರ್ಯಾಗ್ ಎಂದು ಹೆಸರು; ಕುಪ್ಪಿ ವರ್ಗದಲ್ಲಿ ಆ ಕೆಲಸ ಅಂಗೈಯದು, ಅದರ ಸವಕಳಿ ಚರ್ಮದಲ್ಲೇ ಕಾಣುತ್ತದೆ. ಪ್ರಭುತ್ವದ ಯಂತ್ರಕೇಂದ್ರಿತ ಕಥನಕ್ಕೆ ದೇಸೀ ಪ್ರತಿರೋಧವಾಗಿ ಕುಪ್ಪಿಯನ್ನು ಓದಲು ಸಾಧ್ಯವಿದೆ. ಓದುವವರು ಓದಿಕೊಳ್ಳಲಿ, ಹೊಳೆ ಬದಿಯಲ್ಲಿ ಕೂತವರಿಗೆ ಅದು ಕುಪ್ಪಿಯೇ.

ಎರಡನೆಯದು ಸ್ಪಿನ್ನಿಂಗ್ ವರ್ಗ. ಕೋಲಿನ ಕೆಳಗೆ ತೂಗುವ, ಕಂಪೆನಿಗಳು 1000, 4000, 6000 ಎಂದು ಗಾತ್ರ ಬರೆಯುವ ರೀಲ್. ಇಲ್ಲಿ ಪೆಟ್ಟಿಗೆಯ ಮೇಲಿನ ಪಠ್ಯವನ್ನು ವಿರಚನೆಗೆ ಒಳಪಡಿಸಬೇಕು. '13+1 ಬಾಲ್ ಬೇರಿಂಗ್' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ರೀಲ್ ಸಾವಿರ ರೂಪಾಯಿಗೆ ಸಿಗುತ್ತದೆ ಎಂದರೆ ಅದರ ಬೇರಿಂಗುಗಳು ಎಷ್ಟರ ಮಟ್ಟಿನವು ಎಂದು ಗಣಿತ ಬಾರದವನೂ ಊಹಿಸಬಲ್ಲ. ಗಟ್ಟಿಯಾದ ನಾಲ್ಕು ಬೇರಿಂಗ್ ಮುಂದೆ ಅಂಥ ಹದಿನಾಲ್ಕು ನಿಲ್ಲುವುದಿಲ್ಲ. ಗೇರ್ ಅನುಪಾತ 5.2:1 ಎಂದಿದ್ದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ದಾರ ಸುತ್ತುವ ಭಾಗ ಐದು ಸುತ್ತು ಚಿಲ್ಲರೆ ತಿರುಗುತ್ತದೆ ಎಂದಷ್ಟೇ ಅರ್ಥ. ತಳ ಹಿಡಿದು ಭಾರವಾಗಿ ಎಳೆಯುವ ಮೀನಿಗೆ ವೇಗ ಬೇಕಿಲ್ಲ, ಬಲ ಬೇಕು. ಅನುಪಾತ ಕಡಿಮೆಯಿದ್ದಷ್ಟೂ ಒಳ್ಳೆಯದು.

ಉಳಿದದ್ದು ಅಂಗಡಿಯಲ್ಲೇ ನೋಡಬಹುದಾದ ಸಂಗತಿ. ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ತಟ್ಟನೆ ನಿಲ್ಲಬೇಕು, ಲಟಲಟ ಅನ್ನಬಾರದು. ದಾರವನ್ನು ಕೈಯಲ್ಲಿ ಜಗ್ಗಿದರೆ ಡ್ರ್ಯಾಗ್ ಒಂದೇ ಹದದಲ್ಲಿ ಬಿಡಬೇಕು, ಜರ್ಕ್ ಹೊಡೆಯಬಾರದು. ದಾರ ತುಂಬಿಕೊಳ್ಳುವ ಸ್ಪೂಲ್ ಲೋಹದ್ದಾಗಿರಲಿ, ದಪ್ಪ ತಂಗೂಸಿ ಇನ್ನೂರು ಮೀಟರಿನಷ್ಟು ಹಿಡಿಸಲಿ. ದಾರ ತಾಳುವ ಭಾರದ ಕಾಲು ಭಾಗದಿಂದ ಮೂರನೆ ಒಂದರವರೆಗೆ ಡ್ರ್ಯಾಗ್ ಬಿಗಿ ಮಾಡುವುದು ರೂಢಿ: ಹತ್ತು ಕಿಲೋದ ದಾರಕ್ಕೆ ಎರಡೂವರೆ, ಮೂರು ಕಿಲೋ. ತುಂಬೆಯಿಂದ ಕೆಳಗೆ ಉಪ್ಪು ನೀರಿನಲ್ಲಿ ಗಾಳ ಹಾಕಿದ್ದರೆ ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಅದು ಗುಜರಿಯವನ ಪಾಲು. 4000ದಿಂದ 6000ದೊಳಗಿನ ಇಂಥದೊಂದು ರೀಲ್ ಈ ಹೊಳೆಗೆ ಧಾರಾಳ ಸಾಕು. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಪ್ರಬಂಧ ಮುಗಿಯುವ ಹಾಗಿಲ್ಲ, ಏಕೆಂದರೆ ಪುಟಮಿತಿ ತುಂಬಿಲ್ಲ.

ಮೂರನೆಯದು ಡ್ರಮ್ ವರ್ಗ. ಕೋಲಿನ ಮೇಲೆ ಕೂರುವ, ಸ್ವೀಡನ್ನಿನ ಅಬು ಕಂಪೆನಿಯ ಅಂಬಾಸಡರ್ ರೀಲುಗಳಿಂದ ಹೆಸರಾದ ಬಗೆ. ಅಮೆರಿಕದಲ್ಲಿ ಕ್ಯಾಟ್‌ಫಿಶ್, ಅಂದರೆ ಮುಗುಡಿನ ಬಳಗದ ಮೀನು, ಹಿಡಿಯುವವರ ಮೆಚ್ಚಿನದು. ಹೆಬ್ಬೆರಳಿನಿಂದ ಡ್ರಮ್ ಒತ್ತಲು ಬಾರದವನ ಕೈಯಲ್ಲಿ ದಾರ ಹಕ್ಕಿಗೂಡಾಗುತ್ತದೆ. ಕಲಿಯುವವನು ದೂರ ಇರಲಿ.

ನಾಲ್ಕರಿಂದ ಏಳರವರೆಗಿನ ವರ್ಗಗಳನ್ನು ಪ್ರಬಂಧಕಾರ ಕೈಬಿಟ್ಟಿದ್ದಾನೆ. ಏಕೆಂದರೆ ಅಧ್ಯಯನದ ಕೇಂದ್ರವಸ್ತುವಾದ ದೊಡ್ಡ ಮುಗುಡು ಎಲ್ಲಿದೆ ಎಂಬುದೇ ಇತ್ಯರ್ಥವಾಗಿಲ್ಲ.

ರೀಲಿನ ಜಾಹೀರಾತಿನಲ್ಲಿ ಮನುಷ್ಯನಷ್ಟೇ ಉದ್ದದ ಮೀನನ್ನು ಅಪ್ಪಿಕೊಂಡವನ ಚಿತ್ರವಿರುತ್ತದೆ. ಅದು ಯುರೋಪಿನ ವೆಲ್ಸ್ ಎಂಬ ಕ್ಯಾಟ್‌ಫಿಶ್. 2005ರಲ್ಲಿ ಥಾಯ್ಲೆಂಡಿನವರು ಮೆಕಾಂಗ್ ನದಿಯಲ್ಲಿ 293 ಕಿಲೋದ ಕ್ಯಾಟ್‌ಫಿಶ್ ಹಿಡಿದರು. ತುಂಗಭದ್ರಾ, ಕೃಷ್ಣಾ ಕಡೆಯವರಿಗೆ ಬಾಳೆ ಮೀನು ಇದೆ, ಗೂಂಚ್ ಇದೆ. ನಮ್ಮ ಕರಾವಳಿಯ ಮುಗುಡು ಮೊಳದುದ್ದ ಬೆಳೆದರೆ ಅದೇ ದೊಡ್ಡದು. ಅದರ ದೊಡ್ಡ ಬೇಟೆಗೆ ರೀಲೇ ಬೇಡ. ಮಳೆಗಾಲದ ಮೊದಲ ನೆರೆಗೆ ಮೊಟ್ಟೆಯಿಡಲು ತೋಡು, ಗದ್ದೆಗೆ ಹತ್ತುವ ಉಬೆರ್ ಮೀನಿನ ಜೊತೆ ಅದೂ ಬರುತ್ತದೆ. ಗಾಳಿಯನ್ನೇ ಉಸಿರಾಡಬಲ್ಲ ಮೀನಾದ್ದರಿಂದ ನೀರು ಕಡಿಮೆಯಾದರೂ ಅದಕ್ಕೆ ಗಡಿಬಿಡಿಯಿಲ್ಲ. ಟಾರ್ಚ್ ಮತ್ತು ಕತ್ತಿ ಹಿಡಿದ ಹುಡುಗರ ಮುಂದೆ ಗೇರ್ ಅನುಪಾತದ ಚರ್ಚೆ ನಿಲ್ಲುವುದಿಲ್ಲ.

ನಿಜಕ್ಕೂ ದೊಡ್ಡದಾಗಿ, ಮೀಟರು ದಾಟಿ ಬೆಳೆಯುವ ಮುಗುಡು ಬೇಕೆಂದರೆ ಆಫ್ರಿಕದ್ದು ಇದೆ. ಸಾಕುವುದಕ್ಕೆ ನಿಷೇಧ. ಕದ್ದು ಸಾಕುತ್ತಾರೆ, ಕೋಳಿ ಅಂಗಡಿಯ ತ್ಯಾಜ್ಯ ಹಾಕುತ್ತಾರೆ, ಕೊಳದಿಂದ ತಪ್ಪಿಸಿಕೊಂಡದ್ದು ಹೊಳೆ ಕೆರೆ ಸೇರಿ ಊರ ಮೀನನ್ನೆಲ್ಲ ನುಂಗುತ್ತದೆ. ದೊಡ್ಡ ಮೀನಿನ ಆಸೆಗೆ ಉಳಿದಿರುವ ಸುಲಭ ದಾರಿಯೇ ಕಾನೂನುಬಾಹಿರ ವಲಸಿಗನದು ಎಂಬುದನ್ನು ಯಾವ ಸೈದ್ಧಾಂತಿಕ ಚೌಕಟ್ಟಿನಲ್ಲಿ ಕೂರಿಸುವುದೋ ವಿದ್ವಾಂಸರು ತಿಳಿಸಬೇಕು.

ಇನ್ನು ಸಮುದ್ರದ ಮುಗುಡು, ತೇಡೆ. ಇಲ್ಲಿ ಪ್ರಬಂಧದ ಭಾಷೆ ಸ್ವಲ್ಪ ಹೊತ್ತು ಬದಿಗಿರಲಿ.

ತೇಡೆಯಲ್ಲಿ ಮೊಟ್ಟೆ ಕಾಯುವುದು ಗಂಡು. ಗೋಲಿಯಷ್ಟು ದಪ್ಪದ ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು, ಮರಿಯಾಗುವವರೆಗೆ ಏನನ್ನೂ ತಿನ್ನದೆ ಹಿಂಡಿನಲ್ಲಿ ತಿರುಗುತ್ತದೆ. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂತು. ಹಿಂಡನ್ನೇ ಸುತ್ತುವರಿಯುವ ಬಲೆಗೆ ಮಂಗಳೂರಿನ ಆಚೆ ಬಾಯ್ತುಂಬ ಮೊಟ್ಟೆ ಇಟ್ಟುಕೊಂಡ ಗಂಡುಗಳೇ ರಾಶಿರಾಶಿಯಾಗಿ ಬಿದ್ದವು. ಮೇಲೆತ್ತಿದಾಗ ಬಾಯಿ ಬಿಟ್ಟವು, ಮೊಟ್ಟೆ ದೋಣಿಯ ತಳದಲ್ಲಿ ಉರುಳಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಗಲೇ ಇದನ್ನು ಲೆಕ್ಕ ಸಹಿತ ಬರೆದು ಎಚ್ಚರಿಸಿದ್ದರು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದೂ ಇದೇ ಮಂಗಳೂರಿನಲ್ಲಿ. ಗೊತ್ತಿರಲಿಲ್ಲ ಎಂದು ಹೇಳಲು ಯಾರಿಗೂ ಬಾಯಿಲ್ಲ. ತೇಡೆಯ ಮೀನುಗಾರಿಕೆ ಕುಸಿಯಿತು. ಅಪ್ಪನ ಬಾಯಲ್ಲಿದ್ದ ತಲೆಮಾರನ್ನು ದೋಣಿಯ ತಳದಲ್ಲಿ ತುಳಿದ ಮೇಲೆ ಇನ್ನೇನಾಗಬೇಕಿತ್ತು?

ಈ ಜಿಲ್ಲೆಗೆ ಎಚ್ಚರಿಕೆ ಹೊಸದೇನಲ್ಲ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಇಲ್ಲಿನ ಮೀನು ಸಂತತಿಯ ಬಗ್ಗೆ ಬರೆದ ವರದಿ 1870ರದು. ಭಾರತದಲ್ಲಿ ಗಾಳ ಹಾಕುವವರು ವೇದದಂತೆ ಓದಿದ ಅವನ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ದೊರೆಯ ಮೋಜಿನ ಪುಸ್ತಕ ನಿಜ. ಆದರೂ ಸಣ್ಣ ಕಣ್ಣಿನ ಬಲೆ, ಹೊಳೆಗೆ ಹಾಕುವ ವಿಷ ಇವು ಮರಿಗಳನ್ನು ಮುಗಿಸುತ್ತಿವೆ ಎಂಬ ಚಿಂತೆ ಆ ಮನುಷ್ಯನಿಗಿತ್ತು. ಆಗ ಕಾರೆಕಾಯಿ, ಈಗ ತೋಟೆ, ಬ್ಲೀಚಿಂಗ್ ಪುಡಿ, ಅಡಿಕೆಗೆಂದು ತಂದ ಮೈಲುತುತ್ತು.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ಮಹಸೀರುಗಳು ದೇವರ ಮೀನು. ಶಿಶಿಲೇಶ್ವರನ ಎದುರು ಗಾಳ ಬಿಡಿ, ಕೈ ಹಾಕುವವರೂ ಇಲ್ಲ. 1996ರಲ್ಲಿ ಅದೇ ನೀರಿಗೆ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಮೀನುಗಳಿಗೆಂದು ಸ್ಮಾರಕ ಕಟ್ಟಿದ ಊರು ಅದು. ಅವುಗಳಲ್ಲಿ ಒಂದನ್ನೂ ಕೊಂದದ್ದು ರೀಲಲ್ಲ, 4000 ಗಾತ್ರದ್ದೂ ಅಲ್ಲ, 6000ದ್ದೂ ಅಲ್ಲ. ಈ ಜಿಲ್ಲೆಯ ಹೊಳೆಯನ್ನು ಬರಿದು ಮಾಡಿದ್ದು ಗಾಳದವನ ಅತ್ಯಾಸೆ ಎಂದು ಹೇಳುವವರಿದ್ದರೆ ಒಂದು ಭಾನುವಾರ ಅವನ ಪಕ್ಕ ಕೂರಲಿ; ಸಂಜೆಯ ತನಕ ಕೂತು ಎರಡು ಮೀನು ತಂದರೆ ಅವನ ಮನೆಯಲ್ಲಿ ಅದು ಸುದ್ದಿ. "ಎಂತ ಮಾರಾಯ್ರೆ, ನಕ್ಕುರಿನ ಲೆಕ್ಕವೂ ಹುಟ್ಟಲಿಲ್ಲವಾ?" ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಾರೆ.

ಪ್ರಬಂಧಕ್ಕೆ ಕಾನೂನು ಅಧ್ಯಾಯವೊಂದು ಬೇಕು, ಬಹುಶಿಸ್ತೀಯ ಎನಿಸಿಕೊಳ್ಳಲು. ಹೆಸರಿನಲ್ಲೇ 1996 ಎಂಬ ಇಸವಿ ಹೊತ್ತ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆ ಇದೆ. ಶಿಶಿಲದಲ್ಲಿ ವಿಷ ಬಿದ್ದ ವರ್ಷವೇ ಅದು. ಅದಕ್ಕೆ ಒಂದು ಶತಮಾನ ಹಿಂದಿನ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ನೀರಿಗೆ ತೋಟೆ ಹಾಕಿದವನಿಗೂ ವಿಷ ಹಾಕಿದವನಿಗೂ ಹೆಚ್ಚೆಂದರೆ ಎರಡು ತಿಂಗಳ ಸೆರೆ ಅಥವಾ 200 ರೂಪಾಯಿ ದಂಡ ಎಂದು ಬರೆದಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ, ಒಪ್ಪೋಣ. ಈಗ ನರಿಕೊಂಬಿನವನೊಬ್ಬ ಬೆವರಿನ ದುಡ್ಡಲ್ಲಿ ಸಾವಿರದ ಐನೂರರ ರೀಲ್ ಕೊಂಡರೆ, ಅಷ್ಟೇ ಹಣದಲ್ಲಿ, ಆ ಕಾಯಿದೆಯ ದರದ ಪ್ರಕಾರ, ಹೊಳೆಗೆ ಏಳು ಸಲ ವಿಷ ಹಾಕಿಯೂ ನೂರು ರೂಪಾಯಿ ಉಳಿಯುತ್ತಿತ್ತು.