ಶಟ್‌ಡೌನ್ ಶಕುನ

ಕಳಂಬೋಲಿಯಲ್ಲಿ ಮನೆ ಮಾಡಿದವರಿಗೆ ಸದ್ದಿನ ಮೇಲೆ ಸಿಟ್ಟಿರಬಾರದು. ಒಂದು ಕಡೆ ಉಕ್ಕಿನ ಮಾರುಕಟ್ಟೆ. ಹೈಡ್ರಾ ಕ್ರೇನು ಎತ್ತಿದ ಪ್ಲೇಟು ಟ್ರೇಲರಿನ ಮೇಲೆ ಕೂರುವಾಗ ಆಗುವ ಸದ್ದಿಗೆ ನಮ್ಮ ಸೆಕ್ಟರಿನ ನಾಯಿಗಳು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಇನ್ನೊಂದು ಕಡೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವ ಜಾಗ. ಮುಂದಿನ 94.5 ಕಿಲೋಮೀಟರಿಗೆ ಗಂಟಲು ಸರಿಮಾಡಿಕೊಳ್ಳುವ ಲಾರಿಗಳೆಲ್ಲ ಇಲ್ಲೇ ಗೇರು ಬದಲಾಯಿಸುತ್ತವೆ. ನ್ಹಾವಾ ಶೇವಾ ಬಂದರಿನ ಕಂಟೇನರುಗಳು ಹಿಂದೆ ಸರಿಯುವಾಗ ಕೂಗುವ ರಿವರ್ಸ್ ಹಾರನ್ನು ಕೇಳುತ್ತಲೇ ಇಲ್ಲಿನ ಮಕ್ಕಳು ತೊಟ್ಟಿಲಲ್ಲಿ ನಿದ್ದೆಹೋಗುತ್ತವೆ. ಹೀಗೆ ವರ್ಷಗಟ್ಟಲೆ ಬಾಳಿದ ಕಿವಿಗೆ ತನ್ನದೇ ಒಂದು ಕಾನೂನು ಹುಟ್ಟಿಕೊಳ್ಳುತ್ತದೆ. ಕಾರಣ ಗೊತ್ತಿರುವ ಸದ್ದು ಎಷ್ಟು ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ. ಕಾರಣ ಗೊತ್ತಿಲ್ಲದ ಸದ್ದು ಎಷ್ಟು ಸಣ್ಣದಿದ್ದರೂ ನಿದ್ದೆಯಿಲ್ಲ.

ನನ್ನ ನಿದ್ದೆ ತೆಗೆದದ್ದು ಮನೆಯ ಕಂಪ್ಯೂಟರು. ಹಗಲೆಲ್ಲ ಅದು ಸಂಭಾವಿತ. ಟ್ಯಾಲಿ ತೆರೆದರೆ ಟ್ಯಾಲಿ, ಕನ್ನಡ ಟೈಪಿಸಿದರೆ ಕನ್ನಡ. ರಾತ್ರಿ ಶಟ್‌ಡೌನ್ ಒತ್ತಿದೆನೋ, ಅದರ ವರಸೆಯೇ ಬೇರೆ. ಮೊದಲು "ಟಣ್" ಎನ್ನುತ್ತದೆ. ಪರದೆಯ ನಡುವೆ ಒಂದು ಪೆಟ್ಟಿಗೆ ಮೂಡಿ, ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಾಯ. ಪರದೆ ಕಪ್ಪಾದ ಮೇಲೆ ಡಬ್ಬಿಯ ಹೊಟ್ಟೆಯಿಂದ "ಕರ್ರ್… ಟಕ್". ಕೊನೆಗೆ ಫ್ಯಾನೂ ನಿಂತು, ಇನ್ನು ಮಲಗಬಹುದು ಅಂದುಕೊಂಡರೆ ಎಲ್ಲಿಂದಲೋ "ಚಕ್ ಚಕ್ ಚಕ್". ಪ್ಲಗ್ಗನ್ನೇ ಕಿತ್ತರೂ "ಚಕ್ ಚಕ್" ನಿಲ್ಲದು. ಕರೆಂಟೇ ಇಲ್ಲದ ಕಂಪ್ಯೂಟರು ಮಾತಾಡುವುದನ್ನು ಕತ್ತಲೆಯಲ್ಲಿ ಒಬ್ಬನೇ ನಿಂತು ಕೇಳಿದವನಿಗೆ ವಿಜ್ಞಾನದ ಮೇಲಿನ ವಿಶ್ವಾಸ ಸ್ವಲ್ಪ ಅಲುಗಾಡುತ್ತದೆ. "ಹ್ವಾಯ್, ಮನಿಕಂತ್ರಿಯೋ ಇಲ್ಯೋ?" ಎಂದು ಒಳಗಿನಿಂದ ಹೆಂಡತಿ ಕೇಳುವ ಸದ್ದಿನ ಕಾರಣ ಮಾತ್ರ ಸ್ಪಷ್ಟವಾಗಿತ್ತು.

ಕಂಪ್ಯೂಟರುಗಳಿಗೆ ಸದ್ದು ಮಾಡುವ ಅಧಿಕಾರವಿದ್ದ ಕಾಲವೂ ಇತ್ತೆನ್ನಿ. ವಿಂಡೋಸ್ 95 ಕಣ್ಣು ಬಿಡುವಾಗ ಬರುತ್ತಿದ್ದ ನಾದವನ್ನು ಮಾಡಿಕೊಟ್ಟವನು ಬ್ರಯಾನ್ ಈನೋ ಎಂಬ ದೊಡ್ಡ ಸಂಗೀತಗಾರ. ಅದನ್ನು ಆತ ತಯಾರಿಸಿದ್ದು ಎದುರಾಳಿ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲಿ ಎಂಬುದು ಆ ನಾದಕ್ಕಿಂತ ಸೊಗಸಾದ ಸಂಗತಿ. ಆಗ ಶಟ್‌ಡೌನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ, ಇನ್ನು ನಿರ್ಭಯವಾಗಿ ಆರಿಸಬಹುದು ಎಂಬ ಅಪ್ಪಣೆ ಬರುತ್ತಿತ್ತು. ನಾವೇ ಕೈಯಾರೆ ಸ್ವಿಚ್ ಅದುಮುತ್ತಿದ್ದೆವು. ಮುಂದೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುವುದನ್ನು ಕಲಿಯಿತು. 2012ರಲ್ಲಿ ಬಂದ ವಿಂಡೋಸ್ 8 ಬೀಳ್ಕೊಡುವ ಸಂಗೀತವನ್ನೂ ಕೈಬಿಟ್ಟಿತು. ಅಂದಿನಿಂದ ಶಟ್‌ಡೌನ್ ಎಂದರೆ ಮೌನ. ಆದ್ದರಿಂದಲೇ ಈ ಹೊತ್ತಿನಲ್ಲಿ ಯಾವ ಸದ್ದು ಬಂದರೂ ಅದು ಶಕುನ.

ಶಕುನ ಎಂದ ಮೇಲೆ ಬಲ್ಲವರನ್ನು ಕೇಳಬೇಕು. ಟ್ರಾನ್ಸ್‌ಪೋರ್ಟ್ ನಡೆಸುವ ಊರಿನ ಗೆಳೆಯ ಬಂದ. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಏರ್ ಬಿಡ್ತಾ ಉಂಟು ಮಾರಾಯ. ಬ್ರೇಕ್ ಹಾಕಿದ ಮೇಲೆ ಹಾಗೇ ಬರುದು, ಎಂತ ಆಗುದಿಲ್ಲ" ಎಂದು ಧೈರ್ಯ ಹೇಳಿದ. ಮಾರುಕಟ್ಟೆಯಲ್ಲಿ ಶೀಟಿನ ಗೋಡೌನು ಇಟ್ಟಿರುವ ಇನ್ನೊಬ್ಬರು ಡಬ್ಬಿಯನ್ನು ಬೆರಳಿನಿಂದ ಬಾರಿಸಿ ನೋಡಿ, "ಗೇಜು ತೆಳು. ಇಂಥ ಮಾಲು ಹಾಕಿದ್ರೆ ಸದ್ದು ಬರದೆ ಏನು ಬರ್ತದೆ?" ಎಂದು ತೀರ್ಪಿತ್ತರು. ಪಕ್ಕದ ಮನೆಯ ಮರಾಠಿ ಕಾಕಾ ಒಳಗೆ ಬರಲೇ ಇಲ್ಲ. ಬಾಗಿಲಲ್ಲೇ ನಿಂತು, "ವ್ಹಾಯರಸ್ ಅಸಣಾರ್" ಎಂದು ಹೇಳಿ, ಅಂಟುರೋಗವಿದ್ದ ಮನೆಯೆಂಬಂತೆ ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಗೆ ರಿಪೇರಿಯ ಹುಡುಗ ಬಂದ. ಅವನಿಗೆ ಸದ್ದು ಕೇಳುವ ಅಗತ್ಯವೂ ಬೀಳಲಿಲ್ಲ. ಚೀಲ ಇಳಿಸುವ ಮೊದಲೇ, "ಅಂಕಲ್, ಫಾರ್ಮ್ಯಾಟ್ ಮಾರ್‌ನಾ ಪಡೇಗಾ" ಎಂದ.

ಊರಿನಿಂದ ಬಂದಿದ್ದ ಅಮ್ಮ ಹೂಬತ್ತಿ ಹೊಸೆಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಲೆ ಎತ್ತದೆಯೇ, "ಅದ್ ಹಲ್ಲಿ ಮಗಾ. ಎಂತಕ್ಕೆ ಇಷ್ಟ್ ತಲಿಬಿಸಿ?" ಎಂದಳು. ನಾವು ತಾಂತ್ರಿಕ ಚರ್ಚೆಯಲ್ಲಿದ್ದುದರಿಂದ ಯಾರೂ ಅತ್ತ ಗಮನ ಕೊಡಲಿಲ್ಲ.

ಫಾರ್ಮ್ಯಾಟ್ ಹೊಡೆದರೆ ದೋಷ ಹೋಗುವುದು ನಿಜ. ಅದರ ಜೊತೆಗೆ ವರ್ಷಗಳ ಜಿಎಸ್‌ಟಿ ಲೆಕ್ಕ, ಮದುವೆಯ ಫೋಟೋ, ಕನ್ನಡ ಸಂಘದ ಸ್ಮರಣ ಸಂಚಿಕೆಗೆಂದು ನುಡಿ ತಂತ್ರಾಂಶದಲ್ಲಿ ಟೈಪಿಸಿಟ್ಟ ಲೇಖನಗಳೂ ಹೋಗುತ್ತವೆ. ಸಂಚಿಕೆಯ ಓದುಗರಿಗೆ ಅದು ಉಪಕಾರವೇ ಇರಬಹುದು, ಬರೆದವನಿಗೆ ಸಂಕಟ. ಹುಡುಗನಿಗೆ ಚಹಾ ಕೊಟ್ಟು ಕಳುಹಿಸಿದೆ. ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಬಂದವರೆಲ್ಲ ಕೇಳಿಸಿಕೊಂಡದ್ದು ನನ್ನ ಕಂಪ್ಯೂಟರನ್ನಲ್ಲ, ತಮ್ಮ ತಮ್ಮ ಕಸುಬನ್ನು. ಹಾಗಾದರೆ ಕಂಪ್ಯೂಟರು ಸ್ವತಃ ಏನು ಹೇಳುತ್ತದೆ?

ಅದಕ್ಕೆ ಮೊದಲು ಆ ಪೆಟ್ಟಿಗೆಯಲ್ಲಿ ಏನು ಬರೆದಿದೆ ಎಂದು ಓದಬೇಕಿತ್ತು. ಮಗಳು ಮೊಬೈಲನ್ನು ಸ್ಲೋ ಮೋಷನ್ನಿಗೆ ಹಾಕಿ ಪರದೆಯ ಮುಂದೆ ಹಿಡಿದಳು. ಮದುವೆಮನೆಯಲ್ಲಿ ಹುಡುಗಿಯರ ಕೂದಲು ಹಾರುವುದನ್ನು ತೋರಿಸಲಿಕ್ಕೆಂದು ನಾನು ತಿಳಿದಿದ್ದ ಸವಲತ್ತು ಇಲ್ಲಿ ಪೊಲೀಸು ಕೆಲಸಕ್ಕೆ ಬಂತು. ವಿಡಿಯೋ ನಿಲ್ಲಿಸಿ ನೋಡಿದರೆ, ಇಂಥ ವಿಳಾಸದಲ್ಲಿರುವ ಆಜ್ಞೆಯು ಸೊನ್ನೆ ಸೊನ್ನೆ ಸೊನ್ನೆ ವಿಳಾಸದ ಮೆಮೊರಿಯನ್ನು ಕೇಳಿತು, ಓದಲಾಗಲಿಲ್ಲ ಎಂಬ ಒಕ್ಕಣೆ. ಸೊನ್ನೆಯ ವಿಳಾಸವನ್ನು ವಿಂಡೋಸ್ ಯಾವ ಪ್ರೋಗ್ರಾಮಿಗೂ ಮಂಜೂರು ಮಾಡುವುದಿಲ್ಲ. ಇರಬೇಕಾದದ್ದು ಇಲ್ಲವಾದಾಗ ಪ್ರೋಗ್ರಾಮು ಅಲ್ಲಿಗೆ ಕೈಚಾಚುತ್ತದೆ. ಚಾಚಿದ ಗಳಿಗೆಯಲ್ಲೇ ಬೀಳುತ್ತದೆ. "ಟಣ್" ಎಂಬುದು ಅದು ಬಿದ್ದದ್ದಕ್ಕೆ ವಿಂಡೋಸ್ ಬಾರಿಸುವ ಗಂಟೆ.

ಆರಿಸುವಾಗಲೇ ಏಕೆ ಬೀಳಬೇಕು ಎಂದರೆ, ಶಟ್‌ಡೌನ್ ಎಂಬುದು ನಾವು ತಿಳಿದಷ್ಟು ಸುಲಭದ ಕೆಲಸವಲ್ಲ. ನಮ್ಮ ಕಡೆ ನೆಂಟರು ಹೊರಡುವ ಕ್ರಮವಿದೆಯಲ್ಲ, ಥೇಟ್ ಅದೇ. ಯಜಮಾನ ಒಬ್ಬೊಬ್ಬರನ್ನೂ "ಹೊರಡೋಣವಾ?" ಎಂದು ಕೇಳುತ್ತಾನೆ. ಕೆಲವರು ಚೀಲ ಹಿಡಿದೇ ನಿಂತಿರುತ್ತಾರೆ. ಕೆಲವರಿಗೆ ಕುಂಕುಮ ಆಗಬೇಕು. ಒಬ್ಬರಿಗೆ ಹೊಸ್ತಿಲು ದಾಟುವಾಗಲೇ ಜಾಗದ ವ್ಯಾಜ್ಯ ನೆನಪಾಗುತ್ತದೆ. ವಿಂಡೋಸ್ ಕೂಡ ತೆರೆದಿರುವ ಪ್ರತಿಯೊಂದು ಪ್ರೋಗ್ರಾಮನ್ನೂ ಕೇಳಿ, ಸುಮಾರು ಐದು ಸೆಕೆಂಡು ಉತ್ತರಕ್ಕೆ ಕಾದು, ಆಮೇಲೆ, ಇಂಥವರು ಹೊರಡಲು ಬಿಡುತ್ತಿಲ್ಲ ಎಂದು ನಮ್ಮಲ್ಲಿ ದೂರುತ್ತದೆ. ನಾವು "ಎಳೆದು ಹಾಕು" ಎಂದರೆ ಎಳೆದು ಹಾಕುತ್ತದೆ. ಆ ಗಡಿಬಿಡಿಯಲ್ಲಿ ಯಾರೋ ಮಡಚಿಟ್ಟ ಚಾಪೆಯ ಮೇಲೆ ಇನ್ಯಾರೋ ಕೂರಲು ಹೋಗುತ್ತಾರೆ. ಎರರ್ ಹುಟ್ಟುವುದು ಆಗ.

ಚಾಪೆ ತಪ್ಪಿ ಬಿದ್ದವರು ಯಾರು? ಇದಕ್ಕೆ ಕಂಪ್ಯೂಟರಿನಲ್ಲೇ ದಾಖಲೆಯಿದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿದರೆ ಸಿಗುತ್ತದೆ. ಅಲ್ಲಿ ಯಂತ್ರ ತನ್ನ ದಿನಚರಿಯನ್ನು ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬರೆದಿಟ್ಟಿರುತ್ತದೆ. ಕ್ರಮವಾಗಿ ಆರಿದರೆ ದಾಖಲೆಗೆ 6006 ಎಂಬ ನಂಬರು. ನಡುವೆಯೇ ಪ್ರಾಣ ಹೋಗಿದ್ದರೆ ಮರುದಿನ ಎದ್ದ ಕೂಡಲೇ 6008, ಜೊತೆಗೆ 41. ಮಳೆಗಾಲದಲ್ಲಿ ನಮ್ಮಲ್ಲಿ 41ಕ್ಕೆ ಬರವಿಲ್ಲ. 400 ಕೆ.ವಿ.ಯ ದೊಡ್ಡ ಸಬ್‌ಸ್ಟೇಷನ್ ಇರುವುದು ಕಳಂಬೋಲಿಯಲ್ಲೇ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನು 1074 ಎಂಬ ದಾಖಲೆ, ಯಾವ ಬಳಕೆದಾರ, ಯಾವ ಪ್ರೋಗ್ರಾಮಿನ ಮೂಲಕ, ಎಷ್ಟು ಹೊತ್ತಿಗೆ ಕಂಪ್ಯೂಟರನ್ನು ಆರಿಸಿದ ಎಂಬುದನ್ನು ಹೇಳುತ್ತದೆ. "ನಾನು ಆರಿಸಲೇ ಇಲ್ಲ" ಎಂದು ಮಗ ಆಣೆ ಹಾಕುವ ಅಭ್ಯಾಸ ಇದರಿಂದ ನಿಂತಿದೆ. ಫ್ರಿಜ್ಜಿನ ಬಾಗಿಲಿಗೂ ಒಂದು 1074 ಇದ್ದಿದ್ದರೆ ನಮ್ಮ ಮನೆಯಲ್ಲಿ ಇನ್ನೂ ಕೆಲವು ಕೇಸುಗಳು ಇತ್ಯರ್ಥವಾಗುತ್ತಿದ್ದವು.

ನಮಗೆ ಬೇಕಾದದ್ದು ಅಪ್ಲಿಕೇಶನ್ ಲಾಗಿನ 1000 ನಂಬರಿನ ದಾಖಲೆ. ಯಾವ ಪ್ರೋಗ್ರಾಮು ಬಿತ್ತು, ಯಾವ ಫೈಲಿನಲ್ಲಿ ಎಡವಿತು ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಹೆಸರು ನೋಡಿದೆ. ಹಳೆಯ ಪ್ರಿಂಟರಿನ ಇಂಕು ಎಷ್ಟಿದೆ ಎಂದು ಕಾಯುವ ಕಾವಲುಗಾರ! ಆ ಪ್ರಿಂಟರನ್ನು ಗುಜರಿಯವನಿಗೆ ತೂಕಕ್ಕೆ ಹಾಕಿ, ಬಂದ ದುಡ್ಡಲ್ಲಿ ವಡಾಪಾವ್ ತಿಂದು ಬಹಳ ಕಾಲವಾಗಿತ್ತು. ಯಜಮಾನ ಇಲ್ಲದ ಮನೆಯಲ್ಲಿ ಇವನು ಮಾತ್ರ ಉಳಿದು, ದಿನಾ ರಾತ್ರಿ ಬಾಗಿಲು ಹಾಕುವ ಮೊದಲು ಪ್ರಿಂಟರನ್ನು ಕೂಗಿ, ಉತ್ತರ ಬಾರದೆ, ಸೊನ್ನೆಗೆ ಕೈಚಾಚಿ ಬೀಳುತ್ತಿದ್ದ. ಇಂಥ ನಿಷ್ಠಾವಂತರನ್ನು ಕೆಲಸದಿಂದ ತೆಗೆಯುವುದು ಕಷ್ಟ. ಅನ್‌ಇನ್‌ಸ್ಟಾಲ್ ಒತ್ತಿದರೆ, ನಿಜವಾಗಿ ಹೋಗಬೇಕಾ ಎಂದು ಅವನೇ ಕೇಳಿದ. ಹೋಗು ಎಂದೆ. "ಟಣ್" ಅಂದಿಗೆ ನಿಂತಿತು.

ಕಳ್ಳನ ಹೆಸರು ಹೀಗೆ ನೇರವಾಗಿ ಸಿಗದೆ ಹೋದರೆ ಇನ್ನೊಂದು ಉಪಾಯವಿದೆ. ಕಂಪ್ಯೂಟರಿನ ಜೊತೆಗೇ ಏಳುವ ಪ್ರೋಗ್ರಾಮುಗಳಲ್ಲಿ ಅರ್ಧದಷ್ಟನ್ನು ಮಲಗಿಸಿ, ಶಟ್‌ಡೌನ್ ಮಾಡಿ ನೋಡುವುದು. ಎರರ್ ಬಂದರೆ ಕಳ್ಳ ಎದ್ದಿರುವ ಅರ್ಧದಲ್ಲಿ, ಬಾರದಿದ್ದರೆ ಮಲಗಿರುವ ಅರ್ಧದಲ್ಲಿ. ಮತ್ತೆ ಆ ಅರ್ಧವನ್ನು ಅರ್ಧ ಮಾಡುವುದು. 32 ಶಂಕಿತರಿದ್ದರೂ ಐದೇ ಸುತ್ತಿನಲ್ಲಿ ಒಬ್ಬನೇ ಉಳಿಯುತ್ತಾನೆ. ಒಂದೇ ಎಚ್ಚರಿಕೆ: ವಿಂಡೋಸ್‌ನ ಈಚಿನ ಅವತಾರಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ಯಂತ್ರ ಪೂರ್ತಿ ಆರುವುದಿಲ್ಲ. ತನ್ನ ಒಳಜೀವವನ್ನು ಡಿಸ್ಕಿನ ಮೂಲೆಯಲ್ಲಿ ಅಡಗಿಸಿಟ್ಟು ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೋಗಿ ಹೊಸದಾಗಿ ಹುಟ್ಟುವುದು ರೀಸ್ಟಾರ್ಟ್ ಒತ್ತಿದಾಗ. ಮೋಕ್ಷಕ್ಕೂ ಪುನರ್ಜನ್ಮಕ್ಕೂ ಇಲ್ಲಿ ಬಟನ್ನು ಅದಲುಬದಲಾಗಿದೆ. ಹಳೆಯ ಕರ್ಮ ಕಳೆಯಬೇಕೆಂದರೆ ಒಮ್ಮೆ ರೀಸ್ಟಾರ್ಟ್ ಆಗಲೇಬೇಕು.

"ಟಣ್" ಹೋದರೂ "ಕರ್ರ್… ಟಕ್" ಹೋಗಲಿಲ್ಲ. ಇಷ್ಟು ದಿನ ಎರಡನ್ನೂ ಒಂದೇ ರೋಗದ ಲಕ್ಷಣವೆಂದು ಎಲ್ಲರೂ ಸೇರಿಸಿ ನೋಡಿದ್ದರು. ಎರಡನೆಯದಕ್ಕೂ ಮೊದಲನೆಯದಕ್ಕೂ ನೆಂಟಸ್ತಿಕೆಯೇ ಇರಲಿಲ್ಲ. ನನ್ನದು ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ತಟ್ಟೆ ನಿಂತಾಗ ತಲೆ ಅದರ ಮೇಲೆ ಕುಸಿಯಬಾರದು. ಅದಕ್ಕೇ ಆರುವ ಮೊದಲು ತಲೆಯನ್ನು ಪಕ್ಕದ ಇಳಿಜಾರಿಗೆ ಸರಿಸಿ ಕೂರಿಸುತ್ತದೆ. ಆಗ ಬರುವುದೇ "ಟಕ್". ಕರೆಂಟು ಹಠಾತ್ತನೆ ಹೋದರೂ ಡಿಸ್ಕು ಕೈಬಿಡುವುದಿಲ್ಲ. ತಟ್ಟೆಯಲ್ಲಿ ಉಳಿದಿರುವ ತಿರುಗುವಿಕೆಯಿಂದಲೇ ಮೋಟರು ಒಂದಿಷ್ಟು ವಿದ್ಯುತ್ತು ಹುಟ್ಟಿಸಿ, ಆ ಕೊನೆಯ ಉಸಿರಿನಲ್ಲಿ ತಲೆಯನ್ನು ಸುರಕ್ಷಿತ ಜಾಗಕ್ಕೆ ತಲುಪಿಸುತ್ತದೆ. ಇಷ್ಟು ಜವಾಬ್ದಾರಿಯುಳ್ಳ ಸದ್ದನ್ನು ನಾನು ಅಪಶಕುನವೆಂದು ಬೈಯುತ್ತಿದ್ದೆನಲ್ಲ ಎಂದು ಅದರ ಮೇಲೆ ಗೌರವ ಹುಟ್ಟಿತು.

ಉಳಿದದ್ದು "ಚಕ್ ಚಕ್ ಚಕ್". ಇವೆಂಟ್ ವ್ಯೂವರಿನಲ್ಲಿ ಅದರ ಸುದ್ದಿಯಿಲ್ಲ. ಪ್ಲಗ್ಗು ಕಿತ್ತ ಮೇಲೆ ಬರುವ ಸದ್ದನ್ನು ಕಂಪ್ಯೂಟರಾದರೂ ಹೇಗೆ ಬರೆದೀತು? ಟಾರ್ಚು ಹಿಡಿದು ಡಬ್ಬಿಯನ್ನು ಗೋಡೆಯಿಂದ ಸರಿಸಿದೆ. ಬಿಸಿಗಾಳಿ ಬರುವ ಕಿಂಡಿಯ ಹಿಂದೆ, ಬೆಚ್ಚಗೆ, ಗೋಡೆಗೆ ಅಂಟಿಕೊಂಡು ಒಂದು ಹಲ್ಲಿ ನನ್ನನ್ನೇ ನೋಡಿತು. ಅದು ಅಲ್ಲಿ ದಿನವಿಡೀ ಲೊಚಗುಟ್ಟುತ್ತಲೇ ಇದ್ದಿರಬೇಕು. ಫ್ಯಾನಿನ ಗುಂಯ್‌ಗುಡುವಿಕೆಯಲ್ಲಿ ಕೇಳುತ್ತಿರಲಿಲ್ಲ, ಫ್ಯಾನು ನಿಂತಾಗ ಕೇಳುತ್ತಿತ್ತು, ಅಷ್ಟೇ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ ಪತಂಗವೊಂದು ಸಿಕ್ಕಿಬಿದ್ದು, ಎಂಜಿನಿಯರುಗಳು ಅದನ್ನು ಕಿತ್ತು ದಿನಚರಿ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರಂತೆ. ಆ ಪುಸ್ತಕವನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಅವರ ಬಳಿ ಒಂದು ಹಲ್ಲಿ ಇದ್ದಿದ್ದರೆ ಟೇಪು ಉಳಿಯುತ್ತಿತ್ತು.

"ಹಲ್ಲಿಯೇ ಅಮ್ಮಾ" ಎಂದೆ. ಆ ಹೊತ್ತಿಗೆ ಸರಿಯಾಗಿ ಅದು ಮತ್ತೆ ಲೊಚಗುಟ್ಟಿತು. ಅಮ್ಮ "ಕೃಷ್ಣ ಕೃಷ್ಣ" ಎಂದು ಬೆರಳಿನಿಂದ ನೆಲ ತಟ್ಟಿ, "ಕಂಡ್ಯಾ, ಸತ್ಯ ಅಂತ ಅದೇ ಹೇಳ್ತ್" ಎಂದಳು. ಟ್ರಾನ್ಸ್‌ಪೋರ್ಟು, ಉಕ್ಕು, ವೈರಸ್ಸು, ಫಾರ್ಮ್ಯಾಟುಗಳ ನಡುವೆ ಸದ್ದನ್ನು ಸದ್ದಾಗಿಯೇ ಕೇಳಿದವಳು ಅವಳೊಬ್ಬಳು. ನಾಲ್ಕು ದಿನ ಕಳೆದು ಪನವೇಲಿನಲ್ಲಿ ಅವಳನ್ನು ಕುಂದಾಪುರದ ಬಸ್ಸು ಹತ್ತಿಸುವಾಗ ಟ್ರಾನ್ಸ್‌ಪೋರ್ಟಿನ ಗೆಳೆಯನಿಗೂ ಈ ಫಲಿತಾಂಶ ಹೇಳಿದೆ. ಹೆದ್ದಾರಿ 66 ಶುರುವಾಗುವ ಆ ಊರಲ್ಲಿ ನಿಂತು ಅವನು, "ಹಲ್ಲಿ ಇರ್ಬಹುದು, ಆದ್ರೆ ಏರ್ ಲೀಕ್ ಸಹ ಉಂಟು" ಎಂದ.

ನಿಮ್ಮ ಕಂಪ್ಯೂಟರೂ ಆರುವಾಗ ಸದ್ದು ಮಾಡುತ್ತಿದ್ದರೆ, ಬಲ್ಲವರನ್ನು ಕರೆಯುವ ಮೊದಲು ಅದು ಒಂದೇ ಸದ್ದೋ, ಎರಡು ಮೂರು ಸೇರಿದೆಯೋ ನೋಡಿಕೊಳ್ಳಿ. ಎರರ್ ಬಂದರೆ ಇವೆಂಟ್ ವ್ಯೂವರ್ ಓದಿ. ಮಾರಿದ ಪ್ರಿಂಟರು, ಸ್ಕ್ಯಾನರುಗಳ ಬಾಲಂಗೋಚಿಗಳನ್ನು ತೆಗೆದುಹಾಕಿ. ಆರುವಾಗ ಒಂದು ಸಲ "ಟಕ್" ಎಂದರೆ ಹೆದರಬೇಡಿ. ಕೆಲಸದ ನಡುವೆ ಮತ್ತೆ ಮತ್ತೆ "ಟಕ್ ಟಕ್" ಎಂದರೆ ಮಾತ್ರ ಡಿಸ್ಕು ಕೈಕೊಡುತ್ತಿದೆ ಎಂದರ್ಥ. ಆಗ ಶಕುನ, ಮುಹೂರ್ತ ಏನನ್ನೂ ನೋಡದೆ ಅದೇ ಗಳಿಗೆಯಲ್ಲಿ ಬ್ಯಾಕಪ್ ತೆಗೆದಿಡಿ.